ಬಾರ್ ಕೂರಬೇಕಾದದ್ದು ತೊಡೆಯ ಮೇಲೆ, ಹೊಟ್ಟೆಯ ಮೇಲಲ್ಲ

ಬೇಸಿಗೆ ರಜೆ ಬಂತೆಂದರೆ ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ ಕಡೆಯಿಂದ ಬಿಡದಿಯ ವಂಡರ್‌ಲಾ, ಮೈಸೂರಿನ ಜಿಆರ್‌ಎಸ್‌ನಂಥ ಅಮ್ಯೂಸ್‌ಮೆಂಟ್ ಪಾರ್ಕ್‌ಗಳಿಗೆ ಟೆಂಪೊ ಟ್ರಾವೆಲರ್ ಮಾಡಿಕೊಂಡು ಹೋಗುವ ಕುಟುಂಬಗಳು ಬಹಳ. ರಾತ್ರಿಯೆಲ್ಲ ಪ್ರಯಾಣ ಮಾಡಿ, ಟಿಕೆಟ್ಟಿಗೆ ದುಡ್ಡು ಕೊಟ್ಟು, ಬಿಸಿಲಿನಲ್ಲಿ ಸಾಲು ನಿಂತು, ಕೊನೆಗೆ ರೈಡಿನ ಸೀಟಿನಲ್ಲಿ ಕೂತ ಮೇಲೆ, ಮೈಯನ್ನು ಹಿಡಿದಿಡಲು ಮಡಿಲ ಮೇಲೆ ಇಳಿಯುವ ಅಡ್ಡಕಂಬಿ, ಅಂದರೆ ಬಾರ್, ಲಾಕ್ ಆಗದೆ ಎಲ್ಲರ ಕಣ್ಣೆದುರು ಎದ್ದು ಬರಬೇಕಾದವರು ಇಂಥ ಗುಂಪುಗಳಲ್ಲಿ ಇದ್ದೇ ಇರುತ್ತಾರೆ. ‘ತೂಕ ಜಾಸ್ತಿ’ ಎನ್ನುವ ಎರಡು ಮಾತಿನಲ್ಲಿ ಅವರನ್ನು ಇಳಿಸಿಬಿಡುತ್ತಾರೆ. ಆ ಮಾತು ನೋಯಿಸುತ್ತದೆ, ಜೊತೆಗೆ ಬಹುಪಾಲು ಸಂದರ್ಭಗಳಲ್ಲಿ ಅದು ಸರಿಯಾದ ಕಾರಣವೂ ಅಲ್ಲ. ಹಳಿಯ ಮೇಲೆ ಏರಿಳಿದು ಓಡುವ, ಟನ್ನುಗಟ್ಟಲೆ ಭಾರದ ರೋಲರ್ ಕೋಸ್ಟರ್ ಗಾಡಿಗೆ ಒಬ್ಬರ ಮೂವತ್ತು ನಲವತ್ತು ಕಿಲೋ ಹೆಚ್ಚುವರಿ ತೂಕ ಲೆಕ್ಕಕ್ಕೇ ಇಲ್ಲ. ತೊಡಕಿರುವುದು ದೇಹದ ಯಾವ ಭಾಗ ಬಾರಿಗೆ ಮೊದಲು ತಾಗುತ್ತದೆ ಎನ್ನುವುದರಲ್ಲಿ.

ಒಂದೇ ನೂರು ಕಿಲೋ ತೂಗುವ ಇಬ್ಬರನ್ನು ತೆಗೆದುಕೊಳ್ಳಿ. ಆರಡಿ ಎತ್ತರ, ಉದ್ದ ತೊಡೆ ಇರುವವರಿಗೆ ಬಾರ್ ಸಲೀಸಾಗಿ ಕೂರುತ್ತದೆ. ಐದೂಕಾಲು ಅಡಿಯ, ಮುಂದೆ ಬಂದ ಹೊಟ್ಟೆಯವರಿಗೆ ಅದೇ ಬಾರ್ ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ. ತಕ್ಕಡಿಯಲ್ಲಿ ಇಬ್ಬರೂ ಒಂದೇ, ಸೀಟಿನಲ್ಲಿ ಬೇರೆ ಬೇರೆ.

ಬಾರ್ ಏನನ್ನು ತಡೆಯುತ್ತದೆ ಎಂಬುದನ್ನು ಮೊದಲು ನೋಡಬೇಕು. ತಲೆಕೆಳಗಾಗುವ ಸುತ್ತಿನಲ್ಲಿ ಬಾರೇ ನಮ್ಮನ್ನು ಹಿಡಿದಿರುತ್ತದೆ ಎಂದು ಹೆಚ್ಚಿನವರು ನಂಬಿದ್ದಾರೆ. ವೇಗ ಸರಿಯಾಗಿದ್ದರೆ ಆ ಸುತ್ತಿನಲ್ಲಿ ದೇಹ ಸೀಟಿಗೇ ಒತ್ತಿಕೊಂಡಿರುತ್ತದೆ. ಬಾರಿಗೆ ನಿಜವಾದ ಕೆಲಸ ಬೀಳುವುದು ಸಾಮಾನ್ಯವಾಗಿ ಕಾಣುವ ದಿಬ್ಬಗಳಲ್ಲಿ. ಗಾಡಿ ದಿಬ್ಬದ ನೆತ್ತಿ ದಾಟಿ ಕೆಳಗೆ ತಿರುಗುತ್ತದೆ, ದೇಹ ಮಾತ್ರ ಮೇಲಕ್ಕೆ ಹೊರಟ ದಿಕ್ಕಿನಲ್ಲೇ ಹೋಗಲು ನೋಡುತ್ತದೆ. ಹಂಪ್ ನೋಡದೆ ಹಾರಿಸಿದ ಬಸ್ಸಿನ ಕೊನೇ ಸೀಟಿನಲ್ಲಿ ಕೂತವರು ಎದ್ದು ಬೀಳುತ್ತಾರಲ್ಲ, ಅದೇ ಸಂಗತಿ. ಇಲ್ಲಿ ಅದು ಒಂದೆರಡು ಸೆಕೆಂಡು ಎಳೆದುಕೊಂಡು ನಡೆಯುತ್ತದೆ. ಇದನ್ನು ಮೈನಸ್ ಜಿ ಎನ್ನುತ್ತಾರೆ (ಜಿ ಎಂದರೆ ಭೂಮಿಯ ಸೆಳೆತದ ಅಳತೆ). ಮೈನಸ್ 1 ಜಿ ಇದ್ದಲ್ಲಿ ತಲೆಕೆಳಗಾಗಿ ನೇತುಬಿದ್ದಷ್ಟೇ ಬಲ. ಅಂದರೆ 110 ಕಿಲೋ ತೂಕದವರು ಬಾರನ್ನು 110 ಕಿಲೋ ಬಲದಿಂದ ಮೇಲಕ್ಕೆ ದೂಡುತ್ತಿರುತ್ತಾರೆ.

ಆ ಬಲವನ್ನು ತೊಡೆ ತಡೆದುಕೊಳ್ಳುತ್ತದೆ, ಹೊಟ್ಟೆ ತಡೆದುಕೊಳ್ಳುವುದಿಲ್ಲ. ತೊಡೆಯೊಳಗೆ ದೇಹದ ಅತಿ ಗಟ್ಟಿ ಮೂಳೆ ಇದೆ. ಬಾರ್ ಸೊಂಟದ ಮಡಿಕೆಗೆ ಹತ್ತಿರವಾಗಿ ತೊಡೆಯ ಮೇಲೆ ಕೂತರೆ ಸೊಂಟ ಮೇಲೇಳಲು ದಾರಿಯೇ ಇರುವುದಿಲ್ಲ. ಹೊಟ್ಟೆ ಹಾಗಲ್ಲ, ಅದು ಮೆತ್ತಗಿನ ಭಾಗ. ನಿಲ್ದಾಣದಲ್ಲಿ ಬಾರ್ ಹೊಟ್ಟೆಗೆ ಬಿಗಿಯಾಗಿ ಒತ್ತಿದಂತೆ ಕಾಣಬಹುದು, ‘ಟೈಟ್ ಇದೆ’ ಅಂತ ಕೂತವರಿಗೂ ಅನ್ನಿಸಬಹುದು. ಆದರೆ ತೊಡೆಗೂ ಬಾರಿಗೂ ನಡುವೆ ಗೇಣುದ್ದ ಖಾಲಿ ಜಾಗ ಉಳಿದಿರುತ್ತದೆ. ದಿಬ್ಬ ದಾಟುವಾಗ ಹೊಟ್ಟೆ ಒಳಗೆ ಸರಿಯುತ್ತದೆ, ಸೊಂಟ ಮೇಲೇಳುತ್ತದೆ, ಮೊಣಕಾಲು ಹಿಂದಕ್ಕೆ ಬರುತ್ತದೆ. ಪಕ್ಕದ ತಿರುವೂ ಸೇರಿದರೆ ದೇಹ ಬಾರಿನಡಿಯಿಂದ ಜಾರಿ ಹೊರಗೆ ಹೋಗಬಲ್ಲದು.

ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ, ಸಿಕ್ಸ್ ಫ್ಲ್ಯಾಗ್ಸ್ ನ್ಯೂ ಇಂಗ್ಲೆಂಡ್ ಪಾರ್ಕಿನ ಸೂಪರ್‌ಮ್ಯಾನ್ ಕೋಸ್ಟರಿನಿಂದ 2004ರ ಮೇ 1ರಂದು ಒಬ್ಬರು ಕೊನೆಯ ತಿರುವಿನಲ್ಲಿ ಹೊರಬಿದ್ದು ತೀರಿಕೊಂಡರು. ಹೊಟ್ಟೆಯ ಕಾರಣದಿಂದ ಬಾರ್ ಅವರ ತೊಡೆಯ ಮೇಲೆ ಸರಿಯಾಗಿ ಕೂತಿರಲಿಲ್ಲ ಎಂಬುದು ತನಿಖೆಯಲ್ಲಿ ಹೊರಬಂತು. 2013ರ ಜುಲೈನಲ್ಲಿ ಟೆಕ್ಸಾಸ್‌ನ ನ್ಯೂ ಟೆಕ್ಸಾಸ್ ಜೈಂಟ್‌ನಿಂದ ಒಬ್ಬ ಮಹಿಳೆ ಬಿದ್ದು ಸತ್ತರು. ಆ ಕೋಸ್ಟರನ್ನು ಮತ್ತೆ ಶುರು ಮಾಡುವಾಗ ಬಾರಿನ ಪ್ಯಾಡ್ ಬದಲಿಸಿ, ಸೀಟ್ ಬೆಲ್ಟ್ ಸೇರಿಸಿ, ಸಾಲಿಗೆ ನಿಲ್ಲುವ ಮೊದಲೇ ಕೂತು ನೋಡಲು ಪ್ರವೇಶದಲ್ಲಿ ಒಂದು ಸೀಟು ಇಟ್ಟರು.

2022ರ ಮಾರ್ಚ್ 24ರ ಆರ್ಲ್ಯಾಂಡೊ ಫ್ರೀಫಾಲ್ ಅವಘಡ ಇನ್ನೂ ಕಟುವಾದದ್ದು. ಅದು ಕೋಸ್ಟರ್ ಅಲ್ಲ, ಸುಮಾರು 430 ಅಡಿ ಎತ್ತರದಿಂದ ಧೊಪ್ಪನೆ ಇಳಿಸುವ ಗೋಪುರ. ಸತ್ತವನು ಹದಿನಾಲ್ಕರ ಹುಡುಗ. ತಯಾರಕರ ಕೈಪಿಡಿಯಲ್ಲಿ ಗರಿಷ್ಠ ತೂಕ 130 ಕಿಲೋ ಎಂದಿತ್ತು, ಅವನ ತೂಕ 170 ಕಿಲೋ ದಾಟಿತ್ತು. ಕೆಲವು ಸೀಟುಗಳ ಸೆನ್ಸರನ್ನು ಕೈಯಿಂದ ಸರಿಹೊಂದಿಸಿ, ಭುಜದ ಮೇಲಿಂದ ಇಳಿದು ಎದೆಯನ್ನು ಹಿಡಿದಿಡುವ ಹಾರ್ನೆಸ್ ಮಾಮೂಲಿಗಿಂತ ಹೆಚ್ಚುಕಮ್ಮಿ ಎರಡರಷ್ಟು ತೆರೆದಿದ್ದರೂ ‘ಲಾಕ್ ಆಗಿದೆ’ ಎಂಬ ದೀಪ ಹತ್ತುವಂತೆ ಮಾಡಲಾಗಿತ್ತು. ಕೆಳಗೆ ಬ್ರೇಕ್ ಹಿಡಿದಾಗ ಅವನು ಸೀಟು ಮತ್ತು ಹಾರ್ನೆಸ್ ನಡುವಿನ ಸಂದಿಯಲ್ಲಿ ಜಾರಿಹೋದ. ಸೀಟ್ ಬೆಲ್ಟ್ ಇರಲೇ ಇಲ್ಲ. ಬೇರೆ ರೈಡ್‌ಗಳಲ್ಲಿ ಅವನನ್ನು ಹತ್ತಿಸಿರಲಿಲ್ಲ, ಇಲ್ಲಿ ಹತ್ತಿಸಿದರು. ಲಾಕ್ ಬೀಳದ ಸೀಟಿನಿಂದ ಎಬ್ಬಿಸುವುದಕ್ಕಿಂತ, ಬೀಳದ ಲಾಕನ್ನು ಬಿದ್ದಂತೆ ತೋರಿಸುವುದು ದೊಡ್ಡ ಅನ್ಯಾಯ ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

ಇನ್ನು ಲಾಕಿನ ಒಳಗಿನ ವಿಚಾರ. ಹಳೆಯ ಕ್ರಮದಲ್ಲಿ ಹಲ್ಲಿನ ಪಟ್ಟಿ, ಅದಕ್ಕೆ ಸ್ಪ್ರಿಂಗಿನ ಬಲದಿಂದ ಕಚ್ಚಿಕೊಳ್ಳುವ ಒಂದು ನಾಲಿಗೆ ಇರುತ್ತದೆ. ಬಾರ್ ಇಳಿದಂತೆ ಟಕ್ ಟಕ್ ಎನ್ನುವುದು ಒಂದೊಂದು ಹಲ್ಲು ದಾಟಿದ ಸದ್ದು. ಎರಡು ಹಲ್ಲಿನ ನಡುವೆ ನಿಂತರೆ ಬಾರ್ ಹಿಂದಿನ ಹಲ್ಲಿಗೇ ವಾಪಸಾಗುತ್ತದೆ. ಹಾಗಾಗಿ ‘ಇಷ್ಟು ಕ್ಲಿಕ್ ಆಗಲೇಬೇಕು’ ಎಂಬ ಲೆಕ್ಕ ಪ್ರತಿ ರೈಡಿಗೂ ಇರುತ್ತದೆ. ಹೊಸ ಕ್ರಮದಲ್ಲಿ ಹಲ್ಲಿಲ್ಲ, ಹೈಡ್ರಾಲಿಕ್ ಸಿಲಿಂಡರ್ ಇದೆ. ಎಣ್ಣೆ ಒಂದೇ ದಿಕ್ಕಿನಲ್ಲಿ ಹರಿಯುವಂತೆ ವಾಲ್ವ್ ಇರುವುದರಿಂದ ಬಾರ್ ಎಲ್ಲಿ ನಿಂತರೂ ಅಲ್ಲೇ ಲಾಕ್. ಸಾಮಾನ್ಯವಾಗಿ ಪ್ರತಿ ಸೀಟಿಗೆ ಎರಡು ಸಿಲಿಂಡರ್ ಕೊಟ್ಟಿರುತ್ತಾರೆ, ಒಂದು ಕೈಕೊಟ್ಟರೂ ಇನ್ನೊಂದು ಹಿಡಿದುಕೊಳ್ಳಲಿ ಎಂದು. ಕರೆಂಟ್ ಹೋದರೆ ಬಿಚ್ಚಿಕೊಳ್ಳುತ್ತದೆಯೇ ಎಂದು ನಮ್ಮ ಕಡೆಯವರು ಕೇಳುವುದುಂಟು, ಮಳೆಗಾಲದ ಮಲೆನಾಡಿನಲ್ಲಿ ಅದು ಸಹಜವಾದ ಪ್ರಶ್ನೆ. ಬಿಚ್ಚಿಕೊಳ್ಳುವುದಿಲ್ಲ. ಬಿಚ್ಚಲಿಕ್ಕೇ ವಿದ್ಯುತ್ತೋ ಗಾಳಿಯ ಒತ್ತಡವೋ ಬೇಕು, ಹಿಡಿದಿಡಲು ಬೇಡ. ಗಾಡಿ ನಡುದಾರಿಯಲ್ಲಿ ನಿಂತರೆ ಸಿಬ್ಬಂದಿ ಬಂದು ಬಾರನ್ನು ಕೈಯಿಂದ ಬಿಡಿಸುತ್ತಾರೆ.

ಬಾರಿನ ಜೊತೆಗೆ ಇರುವ ಗಿಡ್ಡ ಬೆಲ್ಟನ್ನು ಎಷ್ಟೋ ಜನ ಶಪಿಸುತ್ತಾರೆ. ‘ಇನ್ನೆರಡು ಇಂಚು ಉದ್ದ ಮಾಡಿದ್ದರೆ ಏನಾಗ್ತಿತ್ತು ಮಾರಾಯ್ರೇ?’ ಆ ಬೆಲ್ಟ್ ಒಂದು ಅಳತೆಗೋಲೂ ಹೌದು. ಹಾರ್ನೆಸ್‌ನಿಂದ ಸೀಟಿಗೆ ಬರುವ ಬೆಲ್ಟ್ ಬಕಲ್ಲಿಗೆ ಸೇರಿತೆಂದರೆ ಹಾರ್ನೆಸ್ ಬೇಕಾದಷ್ಟು ಇಳಿದಿದೆ ಎಂದರ್ಥ. ಸೇರದಿದ್ದರೆ ಇಳಿದಿಲ್ಲ. ಬೆಲ್ಟಿಗೆ ತುಂಡು ಜೋಡಿಸಿ ಉದ್ದ ಮಾಡಿದರೆ ಅಳತೆಯೇ ಸುಳ್ಳಾಗುತ್ತದೆ. ಬೆಲ್ಟ್ ಹಾಕಲು ಸಿಬ್ಬಂದಿ ಮೊಣಕಾಲು ಕೊಟ್ಟು ಒತ್ತುವುದೂ ಸರಿಯಲ್ಲ. ಎರಡು ನಿಮಿಷ ಎದೆ ಹಿಂಡಿಕೊಂಡು ಕೂರುವುದು ಒಂದು ಕಷ್ಟ. ಉಸಿರು ಬಿಗಿಹಿಡಿದು ಹಾಕಿಸಿಕೊಂಡ ಹೈಡ್ರಾಲಿಕ್ ಬಾರ್ ದಾರಿಯಲ್ಲಿ ಇನ್ನಷ್ಟು ಇಳಿದು, ವಾಪಸ್ ಬರುವವರೆಗೆ ಸಡಿಲವಾಗದಿರುವುದು ಇನ್ನೊಂದು ಕಷ್ಟ. ಬಾರ್ ಸಡಿಲವಿರಲಿ ಎಂದು ಹೊಟ್ಟೆ ಉಬ್ಬಿಸಿ ಕೂರುವ ಹುಡುಗರದ್ದು ಮಾತ್ರ ಶುದ್ಧ ಅಪಾಯ.

ಹೊರಡುವ ಮೊದಲು ಮನೆಯಲ್ಲೇ ಟೈಲರ್ ಟೇಪಿನಿಂದ ಅಳತೆ ತೆಗೆದುಕೊಳ್ಳಿ, ಕೂತುಕೊಂಡು. ಗಟ್ಟಿ ಕುರ್ಚಿಯಲ್ಲಿ ಬೆನ್ನು ಒರಗಿಸಿ ಕೂತು, ಎದೆಯ ಸುತ್ತ ಮತ್ತು ಹೊಟ್ಟೆ ಎಲ್ಲಿ ಅತಿ ಅಗಲವಿದೆಯೋ ಅಲ್ಲಿ ಅಳೆಯಿರಿ. ಪ್ಯಾಂಟಿನ ಸೈಜನ್ನು ನಂಬಬೇಡಿ. ಗಂಡಸರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುವುದರಿಂದ 38ರ ಪ್ಯಾಂಟಿನವರ ಹೊಟ್ಟೆ ಕೂತಾಗ 44 ಬಂದರೂ ಬರಬಹುದು. ಅಮೆರಿಕದ ಕೆಲವು ದೊಡ್ಡ ಪಾರ್ಕ್‌ಗಳು ಎದೆ 52 ಇಂಚು, ಸೊಂಟ 40 ಇಂಚು, ತೂಕ 225 ಪೌಂಡ್ ಅಂದರೆ ಸುಮಾರು 102 ಕಿಲೋ, ಎತ್ತರ 6 ಅಡಿ 2 ಇಂಚು ದಾಟಿದವರಿಗೆ ಕೆಲವು ರೈಡ್‌ಗಳಲ್ಲಿ ಜಾಗ ಸಿಗದಿರಬಹುದು ಎಂದು ಮೊದಲೇ ತಿಳಿಸುತ್ತವೆ. ಇವು ದಾಟಿದರೆ ಆಗಲ್ಲ ಎನ್ನುವ ಗೆರೆಗಳಲ್ಲ, ಮೊದಲೇ ವಿಚಾರಿಸಿಕೊಳ್ಳಿ ಎನ್ನುವ ಸೂಚನೆ. ಭುಜದ ಮೇಲಿಂದ ಬರುವ ಹಾರ್ನೆಸ್‌ನಲ್ಲಿ ಎಡವುವುದು ಎದೆ ಮತ್ತು ಮುಂಡದ ಎತ್ತರ, ತೊಡೆಯ ಮೇಲೆ ಮಾತ್ರ ಕೂರುವ ಲ್ಯಾಪ್ ಬಾರಿನಲ್ಲಿ ಹೊಟ್ಟೆ ಮತ್ತು ತೊಡೆಯ ದಪ್ಪ. ಎದೆ ದೊಡ್ಡದಿರುವ ಹೆಂಗಸರಿಗೆ ಹಾರ್ನೆಸ್‌ಗಿಂತ ಲ್ಯಾಪ್ ಬಾರ್ ಸುಲಭ. ಹೊಟ್ಟೆ ಮುಂದೆ ಬಂದ ಗಂಡಸರಿಗೆ ಎಷ್ಟೋ ಸಲ ಇದರ ತದ್ವಿರುದ್ಧ. ಹಾಗಾಗಿ ಒಂದು ರೈಡಿನಲ್ಲಿ ಆಗಲಿಲ್ಲವೆಂದ ಮಾತ್ರಕ್ಕೆ ಇಡೀ ಪಾರ್ಕಿನ ಆಸೆ ಬಿಡಬೇಕಿಲ್ಲ.

ಇನ್ನೊಂದು ಪರೀಕ್ಷೆಗೆ ಟೇಪೂ ಬೇಡ. ಅದೇ ಕುರ್ಚಿಯಲ್ಲಿ ಕೂತು, ಒಂದು ಕೈಯಿಂದ ಹೊಟ್ಟೆಯನ್ನು ಮೇಲೆತ್ತಿ, ಇನ್ನೊಂದು ಮುಂಗೈಯನ್ನು ತೊಡೆಗಳ ಮೇಲೆ ಅಡ್ಡಲಾಗಿ ಸೊಂಟದ ಕಡೆಗೆ ಸರಿಸಿ. ಮುಂಗೈ ಎರಡೂ ತೊಡೆಗೆ ತಾಗಿ ಕೂತರೆ ಲ್ಯಾಪ್ ಬಾರಿಗೆ ಜಾಗ ಸಿಗುವ ಸಂಭವ ಚೆನ್ನಾಗಿದೆ. ಮೊಣಕಾಲಿನ ಹತ್ತಿರವೇ ನಿಂತರೆ ಕಷ್ಟ.

ಸೀಟಿನಲ್ಲಿ ಕೂರುವ ರೀತಿಯಲ್ಲೂ ಎರಡು ಮೂರು ಇಂಚಿನ ವ್ಯತ್ಯಾಸವಾಗುತ್ತದೆ. ಅವಸರದಲ್ಲಿ ಮುಂದಕ್ಕೆ ಜಾರಿ ಕೂತವರನ್ನೇ ಹೆಚ್ಚಾಗಿ ಎಬ್ಬಿಸುವುದು. ಮೊದಲು ಜೇಬು ಖಾಲಿ ಮಾಡಿ. ಮೊಬೈಲ್, ಪರ್ಸು, ಕೀ ಗೊಂಚಲು ತೊಡೆಯ ಮೇಲೆ ಬಾರನ್ನು ಎತ್ತಿ ಹಿಡಿಯುತ್ತವೆ. ಸ್ವೆಟರ್, ಜರ್ಕಿನ್ ತೆಗೆದಿಡಿ. ಕೂತ ಮೇಲೆ ಒಮ್ಮೆ ಮೈ ಎತ್ತಿ, ಪೃಷ್ಠ ಸೀಟಿನ ಹಿಂಬದಿಗೆ ಪೂರ್ತಿ ತಾಗುವಂತೆ ಹಿಂದೆ ಸರಿದು, ಬೆನ್ನು ನೇರ ಮಾಡಿ, ಪಾದ ಊರಿ. ಸೊಂಟಕ್ಕೆ ಹಾಕುವ ಬೆಲ್ಟ್ ಇದ್ದರೆ ಬಾರಿಗಿಂತ ಮೊದಲು ಅದನ್ನು ಹಾಕಿ, ಹೊಟ್ಟೆಯ ಮೇಲಲ್ಲ, ಹೊಟ್ಟೆಯ ಕೆಳಗೆ ಸೊಂಟದ ಮೂಳೆಗೆ ತಾಗುವಂತೆ. ಆಮೇಲೆ ಹೊಟ್ಟೆಯನ್ನು ಎರಡೂ ಕೈಯಿಂದ ಮೇಲೆತ್ತಿ, ಬಾರ್ ಅದರ ಕೆಳಗಿನಿಂದ ಬಂದು ತೊಡೆಗೆ ಕೂರುವಂತೆ ಮಾಡಿ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮಾಮೂಲಾಗಿ ಉಸಿರಾಡುತ್ತಿರುವಾಗಲೇ ಬಾರ್ ಇಳಿಸಿಕೊಳ್ಳಿ. ಕೊನೆಗೆ ನೀವೇ ಬಾರನ್ನು ಮೇಲಕ್ಕೆ ಎಳೆದು ನೋಡಿ.

ಬಟ್ಟೆಯ ವಿಷಯ ಪಾರ್ಕಿನ ಬೋರ್ಡಿನಲ್ಲಿ ಇರಲಿ ಬಿಡಲಿ, ನಮ್ಮ ಕಡೆ ಹೇಳಲೇಬೇಕು. ಸೀರೆಯ ನೆರಿಗೆ ಕೂತಾಗ ಮಡಿಲಲ್ಲಿ ಗುಪ್ಪೆಯಾಗಿ ಬಾರ್ ಮೇಲೆಯೇ ನಿಲ್ಲುತ್ತದೆ. ರೈಡ್ ಶುರುವಾದ ಮೇಲೆ ಬಟ್ಟೆ ಚಪ್ಪಟೆಯಾಗಿ ಅಷ್ಟೂ ಜಾಗ ಸಡಿಲವಾಗುತ್ತದೆ. ಪಂಚೆ, ಲುಂಗಿಯದ್ದೂ ಇದೇ ಕಥೆ. ಹಾರ್ನೆಸ್‌ನಿಂದ ಕಾಲುಗಳ ನಡುವೆ ಬರುವ ಬೆಲ್ಟಿಗೆ ಪಂಚೆ ದಾರಿಯನ್ನೇ ಕೊಡುವುದಿಲ್ಲ. ಹಾರಾಡುವ ಸೆರಗು, ದುಪ್ಪಟ್ಟಾ ಬೇರೆಯದೇ ಅಪಾಯ. ಚೂಡಿದಾರ, ಟ್ರ್ಯಾಕ್ ಪ್ಯಾಂಟ್ ಇಟ್ಟುಕೊಂಡು ಹೋದರೆ ಒಳ್ಳೆಯದು.

ಸಾಲಿಗೆ ನಿಲ್ಲುವ ಮುಂಚೆಯೇ ಕೇಳಿ: ಕೂತು ನೋಡಲು ಸೀಟು ಇದೆಯೇ, ಯಾವ ಸಾಲಿನ ಸೀಟು ಸ್ವಲ್ಪ ದೊಡ್ಡದು? ಸ್ವಿಟ್ಜರ್ಲೆಂಡಿನ ಬಿ ಅಂಡ್ ಎಂ ಕಂಪನಿಯ ಹಲವು ಕೋಸ್ಟರ್‌ಗಳಲ್ಲಿ ಮಧ್ಯದ ಸಾಲಿನ ಕೆಲವು ಸೀಟಿಗೆ ಒಂದರ ಬದಲು ಎರಡು ಬೆಲ್ಟ್ ಇಟ್ಟು, ದೊಡ್ಡ ಮೈಯವರಿಗೆಂದೇ ಹೊಂದಿಸಿರುತ್ತಾರೆ. ಯೂನಿವರ್ಸಲ್‌ನ ಪಾರ್ಕ್‌ಗಳು ದೊಡ್ಡ ರೈಡ್‌ಗಳ ಬಾಗಿಲಲ್ಲೇ ಪರೀಕ್ಷಾ ಸೀಟು ಇಟ್ಟಿವೆ. ನಮ್ಮ ಪಾರ್ಕ್‌ಗಳಲ್ಲೂ ಪ್ರತಿ ದೊಡ್ಡ ರೈಡಿನ ಬಾಗಿಲಲ್ಲಿ ಅಂಥ ಸೀಟು ಇರಲೇಬೇಕು. ಒಂದು ಹಳೆಯ ಸೀಟು, ಒಂದು ಬಾರ್, ಹಸಿರು ಗೆರೆ ಎಳೆದ ಒಂದು ಪಟ್ಟಿ ಸಾಕು. ಗಂಟೆಗಟ್ಟಲೆ ಕಾದವರನ್ನು ನೂರು ಜನರೆದುರು ಎಬ್ಬಿಸುವ ಪ್ರಮೇಯವೇ ಬರುವುದಿಲ್ಲ. ಎಬ್ಬಿಸಲೇಬೇಕಾದಾಗ ಮಾತು ಸೀಟಿನ ಬಗ್ಗೆ ಇರಲಿ: ‘ಸರ್, ಈ ಬಾರ್ ನಿಮ್ಮ ತೊಡೆ ಮೇಲೆ ಕೂರ್ತಾ ಇಲ್ಲ, ನಡುವಿನ ಸಾಲಿನಲ್ಲಿ ಒಂದ್ಸಲ ನೋಡೋಣ ಬನ್ನಿ.’ ಅಲ್ಲೂ ಕೂರದಿದ್ದರೆ ಅಷ್ಟೇ. ‘ನನ್ನ ಜವಾಬ್ದಾರಿ, ಬಿಡಿ’ ಎಂದು ಹಟ ಹಿಡಿಯುವವರಿಗೆ ಒಂದು ಮಾತು: ಬಿದ್ದ ದೇಹ ಕೆಳಗೆ ನಿಂತವರ ಮೇಲೂ ಬೀಳಬಹುದು.

ಇನ್ನು ನಮ್ಮೂರ ಜಾತ್ರೆ. ಶಿವಮೊಗ್ಗದ ಕೋಟೆ ಮಾರಿಕಾಂಬೆ, ಶಿರಸಿ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ್ದು ಮೂರು ವರ್ಷಕ್ಕೊಮ್ಮೆ. ಅಲ್ಲಿ ಸೆನ್ಸರ್ ಇಲ್ಲ, ಟೆಸ್ಟ್ ಸೀಟ್ ಇಲ್ಲ, ಯಾರನ್ನೂ ಇಳಿಸುವುದೂ ಇಲ್ಲ. ಅಪಾಯ ಬೇರೆ ಕಡೆ ಇರುತ್ತದೆ, ಮತ್ತು ಅದು ಹೆಚ್ಚಾಗಿ ದೊಡ್ಡ ಮೈಯವರಿಗಲ್ಲ.

ಕೊಲಂಬಸ್ ದೋಣಿಯಲ್ಲಿ ಒಂದು ಸಾಲಿಗೆಲ್ಲ ಸೇರಿ ಒಂದೇ ಬಾರ್. ಆ ಬಾರ್ ನಿಲ್ಲುವುದು ಸಾಲಿನಲ್ಲಿ ಅತಿ ದೊಡ್ಡ ಹೊಟ್ಟೆ ಯಾರದೋ ಅವರ ಹತ್ತಿರ. ದೊಡ್ಡಪ್ಪನಿಗೆ ಬಿಗಿಯಾಗಿ ಕೂತ ಬಾರ್ ಪಕ್ಕದ ಏಳು ವರ್ಷದ ಮಗುವಿನ ತೊಡೆಯಿಂದ ಒಂದಡಿ ಮೇಲಿರುತ್ತದೆ. ದೋಣಿ ತುತ್ತತುದಿಗೆ ಹೋದಾಗ ಮೈ ಹಗುರಾಗುತ್ತದಲ್ಲ, ಆಗ ಮಗುವನ್ನು ಹಿಡಿದಿರುವುದು ಅದರ ಎರಡು ಕೈ ಮಾತ್ರ. ‘ಪಕ್ಕದಲ್ಲಿ ದೊಡ್ಡೋರು ಇದ್ದಾರೆ, ಭಯ ಇಲ್ಲ’ ಎನ್ನುವ ಲೆಕ್ಕ ಇಲ್ಲಿ ತಲೆಕೆಳಗು. ಒಂದೇ ಮೈಕಟ್ಟಿನವರು ಒಂದು ಸಾಲಿನಲ್ಲಿ ಕೂರಬೇಕು. ಮಕ್ಕಳಿರುವ ಸಾಲಿನಲ್ಲಿ ಸಣ್ಣ ಮೈಯ ಅಕ್ಕನೋ ಚಿಕ್ಕಮ್ಮನೋ ಇರಲಿ. ಬಾರಿಗೂ ಮಗುವಿನ ತೊಡೆಗೂ ನಡುವೆ ನಿಮ್ಮ ಮುಷ್ಟಿ ಸಲೀಸಾಗಿ ಹೋದರೆ ಇಳಿಸಿಬಿಡಿ. ಅತಿ ಎತ್ತರಕ್ಕೆ ಹೋಗುವುದು ದೋಣಿಯ ಎರಡು ತುದಿ, ಮೆತ್ತಗಿರುವುದು ನಡುಭಾಗ. ಮಡಿಲಲ್ಲಿ ಮಗು ಕೂರಿಸಿಕೊಂಡು ಮೇಲೆ ಬಾರ್ ಹಾಕಿಸಿಕೊಳ್ಳುವುದಂತೂ ಬೇಡವೇ ಬೇಡ, ನಿಮ್ಮ ಭಾರವೇ ಮಗುವನ್ನು ಬಾರಿಗೆ ಒತ್ತುತ್ತದೆ. ಬಾರಿನ ತುದಿಯಲ್ಲಿ ಪಿನ್ ಇದೆಯೇ, ಪಿನ್ ಜಾರದಂತೆ ಕ್ಲಿಪ್ ಇದೆಯೇ ನೋಡಿ. ಅದರ ಜಾಗದಲ್ಲಿ ತಂತಿಯೋ ಮೊಳೆಯೋ ಕಂಡರೆ ಹತ್ತಬೇಡಿ.

ಬ್ರೇಕ್ ಡ್ಯಾನ್ಸಿನಂಥ ತಿರುಗುವ ರೈಡ್‌ಗಳಲ್ಲಿ ದೇಹ ಹೊರಬದಿಗೆ ಜಾರುತ್ತದೆ. ದೊಡ್ಡವರು ಹೊರಬದಿಯಲ್ಲಿ, ಸಣ್ಣವರು ಒಳಬದಿಯಲ್ಲಿ. ಉಲ್ಟಾ ಕೂತರೆ ಮಗು ಹಿಂಡಿಹೋಗುತ್ತದೆ. ಜಾಯಿಂಟ್ ವೀಲಿನಲ್ಲಿ ಮೈಗಾತ್ರದ ತೊಡಕು ಕಡಿಮೆ, ತೂಕದ ಸಮತೋಲ ಮುಖ್ಯ. ಎದುರುಬದುರು ತೊಟ್ಟಿಲುಗಳಿಗೆ ಹೆಚ್ಚುಕಮ್ಮಿ ಒಂದೇ ಭಾರ ತುಂಬಬೇಕು. ಅದಕ್ಕಾಗಿ ಆಪರೇಟರ್ ನಿಮ್ಮ ಗುಂಪನ್ನು ಬೇರೆ ಬೇರೆ ತೊಟ್ಟಿಲಿಗೆ ಹಾಕಿದರೆ ಜಗಳ ಮಾಡಬೇಡಿ.

ಚಿಕ್ಕಮಗಳೂರು, ಸಕಲೇಶಪುರ ಕಡೆಯ ಹೋಮ್‌ಸ್ಟೇಗಳಲ್ಲಿ ತಂತಿಗೆ ನೇತುಬಿದ್ದು ಜಾರುವ ಜಿಪ್‌ಲೈನ್ ಬಗ್ಗೆಯೂ ಇದೇ ಪ್ರಶ್ನೆ ಬರುತ್ತದೆ. ಅಲ್ಲಿ ತೂಕದ ಮಿತಿ ನಿಜವಾಗಿಯೂ ಬೇಕು, ಎರಡೂ ಕಡೆಯಿಂದ. ಭಾರದವರು ವೇಗವಾಗಿ ಬರುತ್ತಾರೆ, ತಂತಿ ಹೆಚ್ಚು ಜಗ್ಗುತ್ತದೆ, ಬ್ರೇಕಿಗೆ ಹೊರೆ ಜಾಸ್ತಿ. ತೀರಾ ಹಗುರದವರು ಎದುರುಗಾಳಿಗೆ ನಡುವೆಯೇ ನಿಂತುಬಿಡುತ್ತಾರೆ. ಇಲ್ಲಿ ಹಾರ್ನೆಸ್ ಎಂದರೆ ಮೈಗೆ ಕಟ್ಟುವ ಪಟ್ಟಿಗಳು, ಅದು ಹರಿಯುತ್ತದೆ ಎನ್ನುವ ಭಯ ಮಾತ್ರ ಬೇಡ. ಸೊಂಟದ ಹಾರ್ನೆಸ್ ಇಎನ್ 12277 ಎಂಬ ಯುರೋಪಿನ ಮಾನದಂಡದ ಪ್ರಕಾರ 15 ಕಿಲೋನ್ಯೂಟನ್, ಅಂದರೆ ಸುಮಾರು ಒಂದೂವರೆ ಟನ್ನಿನ ಪರೀಕ್ಷೆ ದಾಟಿರುತ್ತದೆ. ಅದು ಸೊಂಟದಿಂದ ಜಾರುವುದೇ ನಿಜವಾದ ಅಪಾಯ. ಸೊಂಟದ ಪಟ್ಟಿ ಕೂರಬೇಕಾದದ್ದು ಸೊಂಟದ ಮೂಳೆಯ ಮೇಲ್ಬದಿಯಲ್ಲಿ. ಕೆಳಗೆ ಎಳೆದರೆ ಮೂಳೆ ಅದನ್ನು ತಡೆಯಬೇಕು. ಹೊಟ್ಟೆ ಸೊಂಟಕ್ಕಿಂತ ಅಗಲವಿದ್ದವರಲ್ಲಿ ಪಟ್ಟಿ ಹೊಟ್ಟೆಯ ಕೆಳಗೆ ಸರಿಯುತ್ತದೆ, ಭಾರ ಮೇಲುಗಡೆ ಉಳಿದು ದೇಹ ಹಿಂದಕ್ಕೆ ಮಗುಚಬಹುದು. ಅಂಥವರಿಗೆ ಎದೆಯ ಮಟ್ಟದಲ್ಲಿ ಕೊಕ್ಕೆ ಇರುವ ಪೂರ್ಣ ದೇಹದ ಹಾರ್ನೆಸ್ಸೇ ಬೇಕು. ಲೇಬಲ್ಲಿನಲ್ಲಿ ಇಎನ್ 12277 ಟೈಪ್ ಎ ಎಂದೋ ಇಎನ್ 361 ಎಂದೋ ಇರುತ್ತದೆ. ಅದು ಇಲ್ಲವೆಂದರೆ ನೀವೇ ಬೇಡವೆನ್ನಿ.

ಬಕಲ್ ದಾಟಿದ ಮೇಲೆ ಪಟ್ಟಿಯ ತುದಿ ನಾಲ್ಕು ಬೆರಳಗಲವಾದರೂ ಹೊರಗೆ ಉಳಿಯಬೇಕು. ತುದಿ ಬಕಲ್ಲಿನ ಅಂಚಿಗೇ ಬಂದು ನಿಂತರೆ ಆ ಹಾರ್ನೆಸ್ ನಿಮ್ಮ ಅಳತೆಯದಲ್ಲ. ತೊಡೆಯ ಪಟ್ಟಿಯೊಳಗೆ ಅಂಗೈ ಚಪ್ಪಟೆಯಾಗಿ ಹೋಗಬೇಕು, ಮುಷ್ಟಿ ಹೋಗಬಾರದು. ಜೂನ್‌ನಿಂದ ಸೆಪ್ಟೆಂಬರ್ ತನಕ ಒದ್ದೆ ತಂತಿಯಲ್ಲಿ ಬ್ರೇಕ್ ಹಿಡಿತ ಕಡಿಮೆ. ಮಿತಿಯ ಹತ್ತಿರ ತೂಕವಿರುವವರು ಮಳೆ ನಿಲ್ಲುವವರೆಗೆ ಕಾಯುವುದು ಲೇಸು. ನಡುವೆ ಸಿಕ್ಕಿಕೊಂಡವರನ್ನು ಎಳೆದು ತರಲು ಹಗ್ಗ ಮತ್ತು ಆಳು ಇದೆಯೇ ಎಂದು ಹತ್ತುವ ಮೊದಲೇ ಕೇಳಿ. ದಪ್ಪ ತೊಡೆಯವರಿಗೆ ಪಟ್ಟಿ ಬೇಗ ರಕ್ತದ ಓಟ ತಡೆಯುತ್ತದೆ, ನೇತಾಡುವಷ್ಟು ಹೊತ್ತೂ ಮೊಣಕಾಲು ಮಡಿಚಿ ಬಿಚ್ಚಿ ಕಾಲು ಆಡಿಸುತ್ತಿರಬೇಕು.